16ರ ಗೆರೆಯಲ್ಲಿ ಯಾರಿದ್ದಾರೆ? ಅಮೈಡ್–ಹೈಡ್ರೋಜನ್ ದರ ತಪ್ಪಿ ಬಂದಾಗ ದೋಷ ಹುಡುಕುವ ಬಗೆ

ಅಮೈಡ್ ಅಯಾನು (ಒಂದು ಸಾರಜನಕ, ಎರಡು ಹೈಡ್ರೋಜನ್ ಸೇರಿದ ಋಣ ಅಯಾನು) ಹೈಡ್ರೋಜನ್ ಅಣುವಿನಿಂದ ಒಂದು ಪ್ರೋಟಾನ್ ಕಿತ್ತುಕೊಂಡು ಅಮೋನಿಯಾ ಆಗುತ್ತದೆ. ಹಿಂದೆ ಹೈಡ್ರೈಡ್, ಅಂದರೆ ಹೈಡ್ರೋಜನ್ ಪರಮಾಣುವಿನ ಋಣ ಅಯಾನು ಉಳಿಯುತ್ತದೆ. ಕಾಗದದ ಮೇಲೆ ಇಷ್ಟೇ. ಕೋಣೆಯ ಉಷ್ಣತೆಯಲ್ಲಿ ಈ ಕ್ರಿಯೆಯ ದರ ಸ್ಥಿರಾಂಕ 2.3×10⁻¹¹ ಎಂದು 1973ರಲ್ಲೇ ಹರಿವಿನ ಕೊಳವೆಯಲ್ಲಿ ಅಳೆದಿದ್ದಾರೆ. (ಇಲ್ಲಿ ದರ ಸ್ಥಿರಾಂಕಗಳ ಮಾನವೆಲ್ಲ ಸೆಕೆಂಡಿಗೆ ಘನ ಸೆಂಟಿಮೀಟರ್, ಸಾಂದ್ರತೆ ಎಂದರೆ ಒಂದು ಘನ ಸೆಂಟಿಮೀಟರಿನಲ್ಲಿರುವ ಕಣಗಳ ಸಂಖ್ಯೆ.) ಅದೇ ಕ್ರಿಯೆಯನ್ನು 22 ಧ್ರುವಗಳ ರೇಡಿಯೊ ಆವರ್ತನ ಟ್ರ್ಯಾಪಿನಲ್ಲಿ (ಅಯಾನುಗಳನ್ನು ವಿದ್ಯುತ್ ಕ್ಷೇತ್ರದಿಂದ ಹಿಡಿದಿಡುವ ಬೋನಿನಲ್ಲಿ) ಮಾಡಿದಾಗ ಸಂಖ್ಯೆ ಎರಡು ಪಟ್ಟು ಹೆಚ್ಚು ಬರಬಹುದು, ಇಳಿಕೆಯ ಗೆರೆ ಬಾಗಬಹುದು, ಅಥವಾ ಅಯಾನುಗಳು ಮಾಯವಾಗಿ ಉತ್ಪನ್ನವೇ ಕಾಣದೆ ಹೋಗಬಹುದು. ಎಲೆಕ್ಟ್ರಾನಿಕ್ಸ್ ಬಿಚ್ಚುವ ಮುನ್ನ ನೋಡಬೇಕಾದವು ಇಲ್ಲಿವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಪ್ರಯೋಗದಲ್ಲಿ ಅಯಾನು ಎಣಿಸುವ ಕಡೆ ತಪ್ಪುವುದು ಕಡಿಮೆ. ತಪ್ಪುವುದು ಎರಡು ಕಡೆ: ಟ್ರ್ಯಾಪಿನಲ್ಲಿ ಹೈಡ್ರೋಜನ್ ಎಷ್ಟಿದೆ ಎಂಬಲ್ಲಿ, ಮತ್ತು ಎಣಿಸುತ್ತಿರುವ ಅಯಾನು ಯಾವುದು ಎಂಬಲ್ಲಿ. ಎರಡನ್ನೂ ಬಯಲಿಗೆ ತರಬಲ್ಲ ಅಯಾನು ಒಂದೇ: ಆಕ್ಸಿಜನ್ ಪರಮಾಣುವಿನ ಋಣ ಅಯಾನು, ಲ್ಯಾಬಿನ ಮಾತಿನಲ್ಲಿ ಓ-ಮೈನಸ್. ಅದರ ದ್ರವ್ಯರಾಶಿ ಸಂಖ್ಯೆಯೂ 16, ಅಮೈಡಿನದೂ 16. ಅಮೈಡ್ ಅಳೆಯುವವರು ಅದನ್ನು ಕಳೆಯೆಂದು ಕಿತ್ತೆಸೆಯಲು ನೋಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕೈಯಲ್ಲಿರಬೇಕಾದ ಅಂಕಿಗಳು

ಲ್ಯಾಂಜೆವಿನ್ ಮಿತಿ ಮೊದಲು. ಅಯಾನು ತನ್ನ ವಿದ್ಯುದಂಶದಿಂದ ಹೈಡ್ರೋಜನ್ ಅಣುವನ್ನು ಧ್ರುವೀಕರಿಸಿ ಸೆಳೆದುಕೊಳ್ಳುತ್ತದೆ. ಹೀಗೆ ಆಗುವ ಢಿಕ್ಕಿಗಳ ದರವೇ ಆ ಮಿತಿ. 16ರ ಅಯಾನು ಮತ್ತು ಹೈಡ್ರೋಜನ್ ಜೋಡಿಗೆ ಅದು ಸುಮಾರು 1.56×10⁻⁹. ಉಷ್ಣತೆ ಬದಲಾದರೂ ಈ ಸಂಖ್ಯೆ ಬದಲಾಗದು. ಡ್ಯೂಟೀರಿಯಂ (ಭಾರ ಹೈಡ್ರೋಜನ್) ಆದರೆ ಸುಮಾರು 1.16×10⁻⁹. ಹಾಗಾಗಿ ಕೋಣೆಯ ಉಷ್ಣತೆಯಲ್ಲಿ ಅಮೈಡ್ ನೂರು ಢಿಕ್ಕಿಗಳಲ್ಲಿ ಒಂದೂವರೆಯಷ್ಟರಲ್ಲಿ ಮಾತ್ರ ಪ್ರತಿಕ್ರಿಯಿಸುತ್ತದೆ.

ಓ-ಮೈನಸ್ ಹಾಗಲ್ಲ. ಅದು ಹೈಡ್ರೋಜನ್ ಜೊತೆ ಸೇರಿ ನೀರಾಗಿ ಎಲೆಕ್ಟ್ರಾನನ್ನು ಬಿಟ್ಟುಬಿಡುತ್ತದೆ. ಈ ಕ್ರಿಯೆಯಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್, 300 ಕೆಲ್ವಿನ್‌ನಲ್ಲಿ ದರ ಹತ್ತಿರ ಹತ್ತಿರ 7×10⁻¹⁰. ಜೊತೆಗೆ ಇನ್ನೊಂದು ಸಣ್ಣ ದಾರಿಯಿದೆ: ಹೈಡ್ರೋಜನ್ ಪರಮಾಣು ಒಂದನ್ನು ಹೊತ್ತು ಹೈಡ್ರಾಕ್ಸೈಡ್ ಆಗುವುದು. ಇದರ ಪಾಲು ಕೆಲವೇ ಶೇಕಡಾ.

ಟ್ರ್ಯಾಪಿನಲ್ಲಿ ಹೈಡ್ರೋಜನ್ ಸಾಂದ್ರತೆ 10¹¹ ಇದೆ ಎನ್ನಿ. ಅಮೈಡಿನ ಸರಾಸರಿ ಆಯುಸ್ಸು ಸುಮಾರು 430 ಮಿಲಿಸೆಕೆಂಡ್, ಓ-ಮೈನಸ್‌ನದು 14 ಮಿಲಿಸೆಕೆಂಡ್. ಈ ಮೂವತ್ತು ಪಟ್ಟಿನ ಅಂತರದ ಮೇಲೆ ಮುಂದಿನ ಅರ್ಧ ಪತ್ತೇದಾರಿ ನಿಂತಿದೆ.

ಇಳಿಕೆಯ ಗೆರೆ ಬಾಗಿದೆ

16ರ ಸಂಕೇತದ ಲಾಗರಿದಮ್ ಅನ್ನು ಸಮಯದ ಎದುರು ಹಾಕಿದರೆ ನೇರ ಗೆರೆ ಬರಬೇಕು. ಮೊದಲು ಕಡಿದಾಗಿ ಇಳಿದು, ಆಮೇಲೆ ನಿಧಾನವಾಗಿ ಇಳಿದು, ಕೊನೆಗೆ ಮಟ್ಟವಾಗಿ ನಿಂತರೆ ಅಲ್ಲಿ ಮೂವರಿದ್ದಾರೆ ಎಂದು ಮೊದಲ ಅನುಮಾನ. ಕಡಿದಾದದ್ದು ಓ-ಮೈನಸ್. ನಡುವಿನದು ಅಮೈಡ್. ಕೊನೆಯ ಮಟ್ಟ, ಮೊದಲ ಕ್ವಾಡ್ರುಪೋಲಿನ (ಅಯಾನುಗಳನ್ನು ದ್ರವ್ಯರಾಶಿಯಂತೆ ಸೋಸುವ ನಾಲ್ಕು ಸರಳಿನ ಸಾಧನದ) ಜರಡಿ ಸಡಿಲವಾಗಿದ್ದರೆ 17ರಿಂದ ನುಸುಳಿ ಬಂದ ಹೈಡ್ರಾಕ್ಸೈಡ್ ಆಗಿರಬಹುದು. ಹೈಡ್ರಾಕ್ಸೈಡ್‌ಗೆ ಹೈಡ್ರೋಜನ್‌ನಿಂದ ಪ್ರೋಟಾನ್ ಕೀಳಬೇಕಾದರೆ 0.4 ಎಲೆಕ್ಟ್ರಾನ್ ವೋಲ್ಟಿಗೂ ಹೆಚ್ಚು ಶಕ್ತಿ ಬೇಕು. ಟ್ರ್ಯಾಪಿನಲ್ಲಿ ಅಷ್ಟು ಸಿಗದು, ಹಾಗಾಗಿ ಅದು ಕದಲದೆ ಕೂತಿರುತ್ತದೆ.

ಇಲ್ಲಿ ಒಂದು ಬಲೆ ಇದೆ. ಮೊದಲ ಅಳತೆಯ ಬಿಂದುವನ್ನು 100 ಮಿಲಿಸೆಕೆಂಡಿಗೆ ಇಟ್ಟರೆ, ಅಷ್ಟರಲ್ಲಿ ಓ-ಮೈನಸ್ ಪೂರ್ತಿ ಮುಗಿದಿರುತ್ತದೆ. ಗೆರೆ ನೇರವಾಗಿ, ಚಂದವಾಗಿ ಕಾಣುತ್ತದೆ. ಅಮೈಡ್ ದರವೂ ಸರಿಯಾಗೇ ಬರುತ್ತದೆ. ಆದರೆ ಉತ್ಪನ್ನದ ಲೆಕ್ಕಕ್ಕೆ ಕೂತಾಗ, ಶೂನ್ಯ ಸಮಯದಲ್ಲಿ ತುಂಬಿಸಿದ ಅಯಾನುಗಳಿಗೂ ಈಗಿನ ಮೊತ್ತಕ್ಕೂ ತಾಳೆಯಾಗುವುದಿಲ್ಲ. ಆದ್ದರಿಂದ ಆರಂಭದ 50 ಮಿಲಿಸೆಕೆಂಡಿನಲ್ಲಿ ಬಿಂದುಗಳನ್ನು ಒತ್ತೊತ್ತಾಗಿ ಇಡಿ. ತಣಿಸಲೆಂದು ಟ್ರ್ಯಾಪಿಗೆ ಬಿಡುವ ಹೀಲಿಯಂನ ಬಡಿತದಿಂದ ಅಯಾನು ತಣಿಯಲೂ ಸ್ವಲ್ಪ ಹೊತ್ತು ಬೇಕು ನಿಜ: ಹೀಲಿಯಂ ಸಾಂದ್ರತೆ 10¹⁴ ಇದ್ದರೆ 10 ಮಿಲಿಸೆಕೆಂಡಿನಲ್ಲಿ ಸುಮಾರು ಆರುನೂರು ಢಿಕ್ಕಿಗಳಾಗುತ್ತವೆ, ಅದು ಧಾರಾಳ. ಸಾಂದ್ರತೆ 10¹³ಕ್ಕೆ ಇಳಿದರೆ ಢಿಕ್ಕಿಗಳು ಅರವತ್ತಕ್ಕೆ ಇಳಿಯುತ್ತವೆ; ಆಗ ಆರಂಭದ ಬಾಗು ಬಿಸಿ ಅಯಾನುಗಳದ್ದೂ ಇರಬಹುದು. ಇವೆರಡನ್ನು ಬೇರೆ ಮಾಡಲು ಹೀಲಿಯಂ ಮಾತ್ರ ಹೆಚ್ಚಿಸಿ ನೋಡಿ. ಬಿಸಿಯಿಂದ ಬಂದ ಬಾಗು ಆಗ ಕುಗ್ಗುತ್ತದೆ, ಓ-ಮೈನಸ್‌ನ ಬಾಗು ಅಲ್ಲಾಡುವುದಿಲ್ಲ.

ಎರಡು ಘಾತೀಯಗಳನ್ನು ಹೊಂದಿಸಿ ಓ-ಮೈನಸ್ ಪಾಲು ಕಂಡುಹಿಡಿಯುವುದು ಕೋಣೆಯ ಉಷ್ಣತೆಯಲ್ಲಿ ಸಾಧ್ಯ. ತಣ್ಣಗಾದಂತೆ ಕಷ್ಟ. ಉಷ್ಣತೆ ಇಳಿದಾಗ ಅಮೈಡ್ ದರ ಏರುತ್ತದೆ. ಓ-ಮೈನಸ್ ಈಗಾಗಲೇ ಲ್ಯಾಂಜೆವಿನ್ ಮಿತಿಯ ಅರ್ಧದ ಹತ್ತಿರವಿದ್ದು ಏರಲು ಜಾಗ ಕಡಿಮೆ. ಅಂತರ ಕಿರಿದಾಗಿ ಎರಡು ಗೆರೆಗಳು ಒಂದರೊಳಗೊಂದು ಬೆರೆಯುತ್ತವೆ. ಕಂಪ್ಯೂಟರ್ ಆಗಲೂ ಒಂದು ಉತ್ತರ ಕೊಡುತ್ತದೆ, ಅದನ್ನು ನಂಬಬೇಡಿ.

ನಂಬಬಹುದಾದ ಪರೀಕ್ಷೆ ಲೇಸರಿನದು. ಅಮೈಡಿನಿಂದ ಎಲೆಕ್ಟ್ರಾನ್ ಕೀಳಲು 0.77 ಎಲೆಕ್ಟ್ರಾನ್ ವೋಲ್ಟ್ ಸಾಕು, ಹೈಡ್ರೈಡಿಗೆ 0.75, ಓ-ಮೈನಸ್‌ಗೆ 1.46 ಬೇಕು, ಹೈಡ್ರಾಕ್ಸೈಡಿಗೆ 1.83. ಯಾಗ್ ಲೇಸರಿನ 1064 ನ್ಯಾನೊಮೀಟರ್ ಬೆಳಕಿನ ಫೋಟಾನಿನಲ್ಲಿ ಇರುವುದು 1.165. ಹೈಡ್ರೋಜನ್ ಬಿಡದೆ ಅಯಾನುಗಳನ್ನು ಮಾತ್ರ ತುಂಬಿಸಿ, ಟ್ರ್ಯಾಪಿನ ಅಕ್ಷದುದ್ದಕ್ಕೂ ಈ ಬೆಳಕನ್ನು ಹಾಯಿಸಿ, ಸಂಕೇತ ಇಳಿಯುವುದು ನಿಲ್ಲುವವರೆಗೆ ಕಾಯಿರಿ. ಅಮೈಡ್ ಎಲ್ಲ ತಟಸ್ಥವಾಗಿ ಹೊರಗೆ ಹೋಗುತ್ತದೆ. 16ರಲ್ಲಿ ಉಳಿದ ತಳವೇ ಓ-ಮೈನಸ್, ಹೈಡ್ರಾಕ್ಸೈಡ್ ನುಸುಳಿದ್ದರೆ ಅದೂ ಸೇರಿ. ಆ ತಳ ನಿಜವೋ ಪತ್ತೆಕಾರಕದ ಗದ್ದಲವೋ ಎಂಬ ಸಂಶಯವಿದ್ದರೆ 660 ನ್ಯಾನೊಮೀಟರಿನ ಕೆಂಪು ಲೇಸರ್ ಹಾಯಿಸಿ: ಅದರ ಫೋಟಾನ್ 1.88 ಎಲೆಕ್ಟ್ರಾನ್ ವೋಲ್ಟ್, ಎರಡನ್ನೂ ಬಿಡಿಸುತ್ತದೆ, ತಳ ಕರಗಬೇಕು. ಪ್ರತಿ ಸಲ ಷಟರ್ ಮುಚ್ಚಿ ಅದೇ ಅವಧಿ ಕಾದು ಟ್ರ್ಯಾಪಿನ ಸ್ವಂತ ಸೋರಿಕೆಯನ್ನು ಕಳೆಯುವುದು ಮರೆಯಬಾರದು. ಬೆಳಕಿನ ಕಿರಣ ಟ್ರ್ಯಾಪಿನ ಇಡೀ ಅಗಲವನ್ನು ತುಂಬುವುದಿಲ್ಲ. ಅಯಾನುಗಳು ಅಲೆಯುತ್ತ ಕಿರಣದೊಳಗೆ ಬರಬೇಕು. ಅದಕ್ಕೇ ಕಾಯುವಿಕೆ.

ಲೇಸರ್ ಇಲ್ಲದವರು ಅಮೈಡ್ ಹುಟ್ಟಿಸಲು ಬಳಸುವ ಅಮೋನಿಯಾ ಬದಲು ಡ್ಯೂಟೀರಿಯಂ ಸೇರಿದ ಅಮೋನಿಯಾ ಹಾಕಿ ನೋಡಬಹುದು. ಅಮೈಡ್ 18ಕ್ಕೆ ಜಿಗಿಯುತ್ತದೆ, ಓ-ಮೈನಸ್ 16ರಲ್ಲೇ ಉಳಿಯುತ್ತದೆ. ಅನಿಲ ತರುವ ಕೊಳವೆಯ ಗೋಡೆಯಲ್ಲಿ ಕೂತ ಹಳೆಯ ನೀರು ಮತ್ತು ಅಮೋನಿಯಾ ತಮ್ಮ ಹೈಡ್ರೋಜನ್‌ಗಳನ್ನು ಅದಲುಬದಲು ಮಾಡಿಕೊಂಡು 16, 17ರಲ್ಲಿ ಚೂರು ಬಿಡುತ್ತವೆ, ಆದ್ದರಿಂದ ಮೊದಲು ಕೊಳವೆಯಲ್ಲಿ ಅದೇ ಅನಿಲವನ್ನು ಬಹಳ ಹೊತ್ತು ಹರಿಸಿ. ಈ ಪರೀಕ್ಷೆ ಮೇಲ್ಮಿತಿ ಕೊಡುತ್ತದೆ, ಅಷ್ಟೇ.

ಓ-ಮೈನಸ್ ಬರುವುದು ಎಲ್ಲಿಂದ? ಹೆಚ್ಚಿನ ಸಲ ಅಮೋನಿಯಾ ಲೈನಿನಿಂದ. ಹಿತ್ತಾಳೆಯ ರೆಗ್ಯುಲೇಟರ್, ಹಿತ್ತಾಳೆಯ ಫಿಟಿಂಗ್ ಕಂಡರೆ ಅಲ್ಲೇ ನಿಲ್ಲಿ. ಅಮೋನಿಯಾ ಅದನ್ನು ತಿನ್ನುತ್ತದೆ, ಸೋರಿಕೆ ಹುಟ್ಟುತ್ತದೆ, ಗಾಳಿಯ ಆಕ್ಸಿಜನ್ ಅಯಾನು ಮೂಲಕ್ಕೆ ನುಗ್ಗುತ್ತದೆ. ಎಲ್ಲವೂ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಅಮೋನಿಯಾವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಮೇಲಿನ ಅನಿಲವನ್ನು ಪಂಪ್ ಮಾಡಿದರೆ ಆಕ್ಸಿಜನ್ ಹೋಗುತ್ತದೆ, ನೀರು ಹೋಗುವುದಿಲ್ಲ. ನೀರಿಗೆ ಎಲೆಕ್ಟ್ರಾನ್ ಬಡಿದರೂ ಓ-ಮೈನಸ್ ಬರುತ್ತದೆ. ಹಿಂದಿನ ವಾರ ಅದೇ ಮೂಲದಲ್ಲಿ ನೈಟ್ರಸ್ ಆಕ್ಸೈಡ್ ಬಳಸಿದ್ದರೆ ಬೇರೆ ಕಾರಣ ಹುಡುಕುವ ಮುನ್ನ ಮೂಲವನ್ನು ಬೇಯಿಸಿ (ಅಂಟಿದ ಅನಿಲ ಬಿಡುವಂತೆ ಕಾಯಿಸಿ) ಪಂಪ್ ಮಾಡಿ.

ಅಯಾನು ಹೋಯಿತು, ಉತ್ಪನ್ನ ಬರಲಿಲ್ಲ

16 ಇಳಿಯುತ್ತದೆ, ಹೈಡ್ರೈಡ್ ಕಾಣಬೇಕಾದ 1ರಲ್ಲಿ ಏನೂ ಏರುವುದಿಲ್ಲ. ಎಲೆಕ್ಟ್ರಾನ್ ಬಿಟ್ಟು ಹೋಗುವ ಕ್ರಿಯೆ ಎಂದು ಬರೆದುಬಿಡುವ ಆಸೆಯಾಗುತ್ತದೆ. ಅವಸರ ಬೇಡ. ಹೈಡ್ರೈಡ್ ಹುಟ್ಟಿಯೂ ಟ್ರ್ಯಾಪಿನಲ್ಲಿ ನಿಲ್ಲದೆ ಹೋಗಿರಬಹುದು.

ಬಹುಧ್ರುವ ಟ್ರ್ಯಾಪಿನಲ್ಲಿ ಅಯಾನು ಸ್ಥಿರವಾಗಿ ನಿಲ್ಲಲು ಒಂದು ಅನುಪಾತ ಚಿಕ್ಕದಿರಬೇಕು: ವೋಲ್ಟೇಜನ್ನು ದ್ರವ್ಯರಾಶಿ ಮತ್ತು ಆವರ್ತನದ ವರ್ಗ ಎರಡರಿಂದಲೂ ಭಾಗಿಸಿದರೆ ಬರುವಂಥದ್ದು. 16ಕ್ಕೆ ಹಿತವಾಗಿ ಹೊಂದಿಸಿದ ಟ್ರ್ಯಾಪಿನಲ್ಲಿ ಹೈಡ್ರೈಡಿಗೆ ಈ ಅನುಪಾತ 16 ಪಟ್ಟು ದೊಡ್ಡದು. ಅದು ಸರಳುಗಳಿಗೆ ಬಡಿದು ಸಾಯುತ್ತದೆ. ವೋಲ್ಟೇಜ್ ಹಾಗೇ ಇಟ್ಟು ಆವರ್ತನವನ್ನು ನಾಲ್ಕು ಪಟ್ಟು ಮಾಡಿದರೆ ಹೈಡ್ರೈಡ್ ನಿಲ್ಲುತ್ತದೆ, ಆದರೆ 16ರ ಅಯಾನಿಗೆ ತಡೆಗೋಡೆಯ ಎತ್ತರ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಎರಡನ್ನೂ ಒಂದೇ ಹೊಂದಾಣಿಕೆಯಲ್ಲಿ ಪೂರ್ತಿ ಹಿಡಿಯುವ ಹಟ ಬಿಡಿ. ಅಮೈಡ್ ದರವನ್ನು ಒಂದು ಆವರ್ತನದಲ್ಲಿ ಅಳೆಯಿರಿ. ಹೈಡ್ರೈಡ್ ಹುಟ್ಟಿದ್ದನ್ನು ಹೆಚ್ಚಿನ ಆವರ್ತನದಲ್ಲಿ ಬೇರೆಯಾಗಿ ತೋರಿಸಿ. ಡ್ಯೂಟೀರಿಯಂ ಬಳಸಿದರೆ ಉತ್ಪನ್ನದ ದ್ರವ್ಯರಾಶಿ 2 ಆಗಿ ಸ್ವಲ್ಪ ಉಸಿರಾಡಬಹುದು.

ಟ್ರ್ಯಾಪ್ ದಾಟಿದ ಮೇಲೆ ಇನ್ನೊಂದು ತೊಡಕು. ಪತ್ತೆ ಮಾಡುವ ಕ್ವಾಡ್ರುಪೋಲುಗಳಲ್ಲಿ ಹಲವು 1ರ ಬಳಿ ನೆಚ್ಚುವಂತಿಲ್ಲ. ಶೂನ್ಯದ ಹತ್ತಿರ ಆಯ್ಕೆಯೇ ಇಲ್ಲದೆ ಎಲ್ಲ ಅಯಾನುಗಳೂ ತೂರಿ ಬರುತ್ತವೆ. 1ರಲ್ಲಿ ಕಂಡ ಸಂಕೇತ ಹೈಡ್ರೈಡೇ ಎಂದು ಹೇಳಲು, ಹೈಡ್ರೋಜನ್ ಇಲ್ಲದಾಗ ಅದು ಇರಲಿಲ್ಲ ಎಂದು ತೋರಿಸಲೇಬೇಕು.

ನಿಜವಾಗಿ ಎಲೆಕ್ಟ್ರಾನ್ ಬಿಡುವ ಕ್ರಿಯೆಯನ್ನು ಈ ಟ್ರ್ಯಾಪ್ ನೇರವಾಗಿ ತೋರಿಸಲಾರದು, ಎಲೆಕ್ಟ್ರಾನ್ ಇಲ್ಲಿ ನಿಲ್ಲುವುದಿಲ್ಲ. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದವರು ಓ-ಮೈನಸ್ ಮತ್ತು ಹೈಡ್ರೋಜನ್ ಕ್ರಿಯೆಗಾಗಿಯೇ ರೇಡಿಯೊ ಆವರ್ತನ ಟ್ರ್ಯಾಪಿಗೆ ಎಲೆಕ್ಟ್ರಾನ್ ಸ್ಪೆಕ್ಟ್ರೋಮೀಟರ್ ಜೋಡಿಸಿದ್ದು ಇದೇ ಕಾರಣಕ್ಕೆ. ಹರಿವಿನ ಕೊಳವೆಯಲ್ಲಾದರೆ ಸಲ್ಫರ್ ಹೆಕ್ಸಾಫ್ಲೋರೈಡ್ ಬಿಟ್ಟು, ಅದು ಎಲೆಕ್ಟ್ರಾನ್ ಹಿಡಿದು 146ರಲ್ಲಿ ಕಾಣಿಸಿಕೊಳ್ಳುವುದನ್ನು ನೋಡಿದರೆ ಸಾಕು.

ಸಂಖ್ಯೆ ಎಲ್ಲ ಕಡೆ ಒಂದೇ ಪಟ್ಟು ಹೆಚ್ಚು

ಗೆರೆ ನೇರವಾಗಿದೆ, ಉತ್ಪನ್ನವೂ ಇದೆ, ಆದರೆ 300 ಕೆಲ್ವಿನ್‌ನಲ್ಲಿ 2.3 ಬರಬೇಕಾದ ಕಡೆ 5ಕ್ಕಿಂತ ಮೇಲೆ ಬಂತು. ಒತ್ತಡ ಅಳೆಯುವ ಅಯಾನು ಗೇಜ್ ನೋಡಿ. ಅದನ್ನು ಕಾರ್ಖಾನೆಯಲ್ಲಿ ಹೊಂದಿಸುವುದು ಸಾರಜನಕಕ್ಕೆ. ಹೈಡ್ರೋಜನ್‌ಗೆ ಅದರ ಸಂವೇದನೆ ಸುಮಾರು 0.42ರಿಂದ 0.46 ಮಾತ್ರ. ಅಂದರೆ ಗೇಜ್ 1 ಎಂದಾಗ ನಿಜವಾಗಿ ಇರುವುದು 2.2ರಿಂದ 2.4. ಸಾಂದ್ರತೆ ಕಡಿಮೆ ಎಂದುಕೊಂಡರೆ ದರ ಅಷ್ಟೇ ಪಟ್ಟು ಉಬ್ಬುತ್ತದೆ. ಸ್ಪಿನ್ನಿಂಗ್ ರೋಟರ್ ಗೇಜ್ (ತಿರುಗುವ ಗುಂಡು ಅನಿಲದಲ್ಲಿ ನಿಧಾನವಾಗುವುದರಿಂದ ಒತ್ತಡ ಅಳೆಯುವಂಥದ್ದು) ಒಂದನ್ನು ಎರವಲು ತಂದು ಹೋಲಿಸುವುದು ಸರಿಯಾದ ದಾರಿ.

ಅದು ಸಿಗುವವರೆಗೆ ಓ-ಮೈನಸ್ ಕೈಹಿಡಿಯುತ್ತದೆ. ನೈಟ್ರಸ್ ಆಕ್ಸೈಡಿನಿಂದ ಶುದ್ಧ ಓ-ಮೈನಸ್ ಮಾಡಿ, ಅದೇ ಹೈಡ್ರೋಜನ್, ಅದೇ ಕವಾಟ, ಅದೇ ಗೇಜ್ ಓದಿನಲ್ಲಿ ಅಳೆಯಿರಿ. 7×10⁻¹⁰ರ ಬದಲು 1.6×10⁻⁹ ಬಂದರೆ ಅದು ಲ್ಯಾಂಜೆವಿನ್ ಮಿತಿಯನ್ನೇ ದಾಟಿದೆ. ಹೈಡ್ರೋಜನ್‌ಗೆ ದ್ವಿಧ್ರುವವಿಲ್ಲ (ಅಣುವಿಗೆ ಧನ, ಋಣ ತುದಿಗಳಿಲ್ಲ), ಮಿತಿ ದಾಟಲು ಅದಕ್ಕೆ ಸುಲಭದ ನೆಪವಿಲ್ಲ. ಅಮೈಡ್ ಮಾತ್ರ ಅಳೆಯುತ್ತ ಕೂತಿದ್ದರೆ ಈ ಎಚ್ಚರಿಕೆಯ ಗಂಟೆ ಎಂದೂ ಬಾರಿಸುತ್ತಿರಲಿಲ್ಲ, ಯಾಕೆಂದರೆ ಅಮೈಡಿನ ದರವನ್ನು ಇಪ್ಪತ್ತು ಪಟ್ಟು ತಪ್ಪಿಸಿದರೂ ಅದು ಮಿತಿಯೊಳಗೇ ಇರುತ್ತದೆ. ದಿನದ ಮೊದಲ ಅಳತೆ ಓ-ಮೈನಸ್‌ನದಾಗಿರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

17ರಲ್ಲಿ ಏನೋ ಏರುತ್ತಿದೆ

ಹೈಡ್ರಾಕ್ಸೈಡ್ ಎರಡು ಕಡೆಯಿಂದ ಬರಬಹುದು. ಓ-ಮೈನಸ್ ಹೈಡ್ರೋಜನ್ ಹೊತ್ತು ಆದದ್ದಾದರೆ ಆರಂಭದ ಕೆಲವು ಹತ್ತು ಮಿಲಿಸೆಕೆಂಡಿನಲ್ಲಿ ಏರಿ ನಿಂತುಬಿಡುತ್ತದೆ. ನೀರಿನ ಆವಿಯಿಂದ ಆದದ್ದಾದರೆ ಏರುತ್ತಲೇ ಹೋಗುತ್ತದೆ. ಅಮೈಡೂ ಹೈಡ್ರೈಡೂ ನೀರಿನಿಂದ ಬಹಳ ವೇಗವಾಗಿ ಪ್ರೋಟಾನ್ ಕೀಳುತ್ತವೆ, ದರ 10⁻⁹ರ ಮೇಲೆ. ಅಮೈಡಿಗೆ 2.6×10⁻⁹ ಎಂದಿಟ್ಟುಕೊಂಡರೆ, ನೀರಿನ ಸಾಂದ್ರತೆ ಬರೀ 10⁷ ಇದ್ದರೂ ನಮ್ಮ ಅಮೈಡ್ ದರದ ಶೇಕಡಾ ಒಂದನ್ನು ಅದೇ ತಿನ್ನುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದು 4×10⁻¹⁰ ಮಿಲಿಬಾರ್. ಬೇಯಿಸದ ನಿರ್ವಾತ ಪಾತ್ರೆಯಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ.

ನೀರು ಹಿನ್ನೆಲೆಯಲ್ಲಿದೆಯೋ ಸಿಲಿಂಡರಿನಲ್ಲಿದೆಯೋ? ಹೈಡ್ರೋಜನ್ ಕವಾಟ ಮುಚ್ಚಿದರೂ 17 ಏರಿದರೆ ಹಿನ್ನೆಲೆ. ಹೈಡ್ರೋಜನ್ ಜೊತೆ ಹೆಚ್ಚಾದರೆ ಸಿಲಿಂಡರ್ ಅಥವಾ ಲೈನ್; ಲೈನನ್ನು ದ್ರವ ಸಾರಜನಕದ ಟ್ರ್ಯಾಪಿನ ಮೂಲಕ ಹಾಯಿಸಿ. ಅಯಾನು ಟ್ರ್ಯಾಪನ್ನು 50 ಕೆಲ್ವಿನ್‌ಗೆ ಇಳಿಸಿದಾಗ ನೀರು ಬಹುಪಾಲು ಗೋಡೆಗೆ ಅಂಟಿಕೊಳ್ಳುತ್ತದೆ. ಆಗಲೂ 17 ಹಾಗೇ ಏರಿ ನಿಂತರೆ ಓ-ಮೈನಸ್ ಎಂದು ತೀರ್ಮಾನಿಸಬಹುದು.

ಶುದ್ಧ ಓ-ಮೈನಸ್ ಓಟದಲ್ಲಿ (ಅದೊಂದನ್ನೇ ತುಂಬಿಸಿ ಮಾಡಿದ ಅಳತೆಯಲ್ಲಿ) ಹೈಡ್ರಾಕ್ಸೈಡ್ ಪಾಲು ಎಣಿಕೆಗಿಂತ ಹೆಚ್ಚಿದ್ದರೆ ಕಾರಣ ಬೇರೆ. ಢಿಕ್ಕಿಯ ಶಕ್ತಿ ಹೆಚ್ಚಿದಂತೆ ಆ ದಾರಿ ಅಗಲವಾಗುತ್ತದೆ, ಆದ್ದರಿಂದ ಅಯಾನುಗಳು ಬಿಸಿಯಾಗಿವೆ ಎಂದು ಓದಿಕೊಳ್ಳಿ. ಲೈನಿನಲ್ಲಿ ಹೈಡ್ರೋಕಾರ್ಬನ್ ಇದ್ದರೂ ಹೀಗಾಗಬಹುದು. ಮೀಥೇನಿನಿಂದಲೂ ಓ-ಮೈನಸ್ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ.

ಕ್ಲೋರೈಡ್ ಓಟ

ಹೈಡ್ರೋಜನ್ ಅಣುವಿನ ಜೊತೆಗೂ ನೀರಿನ ಜೊತೆಗೂ ಪ್ರತಿಕ್ರಿಯಿಸದ ಅಯಾನು ಬೇಕು. ಕ್ಲೋರೈಡ್ ಅದಕ್ಕೆ ಸರಿ. ಅದನ್ನು ತುಂಬಿಸಿ ಹೈಡ್ರೋಜನ್ ಬಿಡಿ. ಕಡಿಮೆಯಾದರೆ ಒಂದೋ ಟ್ರ್ಯಾಪ್ ಸೋರುತ್ತಿದೆ, ಇಲ್ಲವೋ ಒಳಗೆ ಬಿಡಿ ಹೈಡ್ರೋಜನ್ ಪರಮಾಣುಗಳಿವೆ. ಕ್ಲೋರೈಡ್ ಮತ್ತು ಹೈಡ್ರೋಜನ್ ಪರಮಾಣು ಕೂಡಿ ಎಲೆಕ್ಟ್ರಾನ್ ಬಿಡುವ ದರ 10⁻⁹ರ ಹತ್ತಿರ. ಪರಮಾಣುಗಳು ಬರುವುದು ಕಾದ ತಂತಿಯಿಂದ: ಗೇಜಿನ ಫಿಲಮೆಂಟ್ ಅಥವಾ ಅಯಾನು ಮೂಲದ ಫಿಲಮೆಂಟ್. ಗೇಜ್ ಆರಿಸಿ ಮತ್ತೆ ಅಳೆಯಿರಿ. ವ್ಯತ್ಯಾಸ ಕಂಡರೆ ಗೇಜನ್ನು ಟ್ರ್ಯಾಪಿನ ನೇರ ನೋಟದಿಂದ ಪಕ್ಕಕ್ಕೆ ಸರಿಸಬೇಕು.

ತಣ್ಣಗಾದಾಗ ಮಾತ್ರ ತಪ್ಪುತ್ತಿದೆ

ಗೇಜ್ 300 ಕೆಲ್ವಿನ್‌ನಲ್ಲಿದೆ, ಟ್ರ್ಯಾಪ್ 10ರಲ್ಲಿದೆ. ಅನಿಲ ಇಷ್ಟು ವಿರಳವಾಗಿದ್ದಾಗ ಎರಡೂ ಕಡೆ ಒತ್ತಡ ಸಮನಾಗುವುದಿಲ್ಲ. ಟ್ರ್ಯಾಪಿನ ಸಾಂದ್ರತೆ ಗೇಜಿನ ಕಡೆಯದಕ್ಕಿಂತ 30ರ ವರ್ಗಮೂಲದಷ್ಟು, ಅಂದರೆ ಸುಮಾರು ಐದೂವರೆ ಪಟ್ಟು ಹೆಚ್ಚು. ಇದನ್ನು ಮರೆತರೆ ತಣ್ಣಗಾದಂತೆ ದರ ಏರುತ್ತಿರುವಂತೆ ಕಾಣುತ್ತದೆ. ಅಮೈಡಿನ ನಿಜವಾದ ದರವೂ ಏರುವುದರಿಂದ ಸುಳ್ಳು ಏರಿಕೆ ನಿಜದ ಬೆನ್ನೇರಿ ಕೂರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಮತ್ತೆ ಓ-ಮೈನಸ್ ಹಾಕಿ ನೋಡಿ: ಅದು ಲ್ಯಾಂಜೆವಿನ್ ಮಿತಿಯನ್ನು ಮೂರು ನಾಲ್ಕು ಪಟ್ಟು ದಾಟಿದ್ದರೆ ತಪ್ಪು ಇಲ್ಲೇ.

ರೇಡಿಯೊ ಆವರ್ತನದ ಬಿಸಿಯನ್ನು ಜನ ಅಗತ್ಯಕ್ಕಿಂತ ಹೆಚ್ಚು ದೂರುತ್ತಾರೆ. ಢಿಕ್ಕಿಯ ಉಷ್ಣತೆಯಲ್ಲಿ ಅಯಾನಿನ ಪಾಲಿಗೆ ತೂಕ ಕೊಡುವುದು ಹೈಡ್ರೋಜನ್‌ನ ದ್ರವ್ಯರಾಶಿ, ಅನಿಲದ ಪಾಲಿಗೆ ಅಯಾನಿನದು. 16ರ ಅಯಾನು 50 ಕೆಲ್ವಿನ್‌ಗೆ ಬಿಸಿಯಾಗಿ, ಅನಿಲ 10ರಲ್ಲಿದ್ದರೂ ಢಿಕ್ಕಿಯ ಉಷ್ಣತೆ 14.4 ಕೆಲ್ವಿನ್ ಅಷ್ಟೇ. ಡ್ಯೂಟೀರಿಯಂ ಆದರೆ 18. ಆದರೆ ಅಮೈಡಿನ ಒಳಗಿನ ಸುತ್ತಾಟ ಎಷ್ಟು ತಣಿದಿದೆ ಎಂಬುದಕ್ಕೆ ಈ ಲೆಕ್ಕ ಉತ್ತರ ಕೊಡುವುದಿಲ್ಲ.

ಹೈಡ್ರೋಜನ್‌ಗೂ ತನ್ನದೇ ಒಳಮನೆಯಿದೆ. ಸಿಲಿಂಡರಿನಿಂದ ಬಂದ ಅನಿಲದಲ್ಲಿ ಆರ್ಥೋ ಮೂರು ಪಾಲು, ಪ್ಯಾರಾ ಒಂದು ಪಾಲು; ಎರಡು ಪ್ರೋಟಾನ್‌ಗಳ ಸ್ಪಿನ್ ಒಂದೇ ದಿಕ್ಕಿನಲ್ಲಿದ್ದರೆ ಆರ್ಥೋ, ಎದುರುಬದುರಿದ್ದರೆ ಪ್ಯಾರಾ. ಟ್ರ್ಯಾಪಿನಲ್ಲಿ ತಣಿಸಿದರೂ ಆರ್ಥೋ ತನ್ನ ಸುಮಾರು 170 ಕೆಲ್ವಿನ್‌ನಷ್ಟು ಸುತ್ತುವ ಶಕ್ತಿಯನ್ನು ಹೊತ್ತೇ ಇರುತ್ತದೆ, ಬದಲಾಗಲು ಅಲ್ಲಿ ಸಮಯವಿಲ್ಲ. ಟ್ರ್ಯಾಪಿನ ಉಷ್ಣತೆ ಎಂದು ಬರೆದ ಸಂಖ್ಯೆ ಈ ಮುಕ್ಕಾಲು ಪಾಲು ಅಣುಗಳ ಒಳಗಿನ ಸ್ಥಿತಿಗೆ ಅನ್ವಯಿಸದು.

ಕೊನೆಯದು, 20 ಕೆಲ್ವಿನ್‌ನ ಕೆಳಗೆ ದರ ಮತ್ತೆ ಇಳಿದರೆ. ಮೊದಲು ಅನುಮಾನಿಸಬೇಕಾದ್ದು ಹೈಡ್ರೋಜನ್ ಗೋಡೆಗೆ ಅಂಟುತ್ತಿರುವುದನ್ನು. ಗೋಡೆ ಅನಿಲ ನುಂಗುತ್ತಿದ್ದರೆ ಕವಾಟ ತೆರೆದ ಮೇಲೆ ಸಾಂದ್ರತೆ ನಿಧಾನವಾಗಿ ಏರುತ್ತದೆ. ಕವಾಟ ತೆರೆದ ಹತ್ತು ನಿಮಿಷದ ಮೇಲೆ ಒಮ್ಮೆ, ಅರ್ಧ ಗಂಟೆಯ ಮೇಲೆ ಇನ್ನೊಮ್ಮೆ ಅಳೆದ ದರಗಳು ಬೇರೆ ಬೇರೆ ಬರುತ್ತವೆ. ಅದೇ ಉಷ್ಣತೆಯಲ್ಲಿ ಓ-ಮೈನಸ್ ದರವೂ ಜೊತೆಗೆ ಕುಸಿದರೆ ಅನಿಲವೇ ಕಡಿಮೆಯಿದೆ ಎಂದರ್ಥ. ಓ-ಮೈನಸ್ ಕುಸಿಯದೆ ಅಮೈಡ್ ಮಾತ್ರ ಇಳಿದರೆ ಉಪಕರಣದ ಮೇಲೆ ತಪ್ಪು ಹೊರಿಸಬೇಡಿ: 2008ರಲ್ಲಿ ಓಟ್ಟೊ, ವೆಸ್ಟರ್ ಮತ್ತು ಸಂಗಡಿಗರು 22 ಧ್ರುವಗಳ ಟ್ರ್ಯಾಪಿನಲ್ಲಿ ಅಳೆದು ಪ್ರಕಟಿಸಿದ್ದು ಇದೇ ಇಳಿಕೆಯನ್ನು.